ಒಂದು ಪರ್ಸೆಂಟ್ ತಾನೇ ಅಂದಿದ್ದೆ

ನಾಝಲ್, ಅಂದರೆ ಎಂಜಿನ್ನಿನ ಬಿಸಿ ಗ್ಯಾಸ್ ಹೊರಬೀಳುವ ಬಾಯಿ, ಅದರ ಡಿಸೈನ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಎದುರಿನ ಗಾಳಿಯನ್ನೇ ಎಂಜಿನ್ನಿಗೆ ನುಂಗುತ್ತಾ, ರನ್‌ವೇಯಿಂದ ಎದ್ದು ಮ್ಯಾಕ್ 6ರವರೆಗೆ (ಶಬ್ದದ ಆರು ಪಟ್ಟು ವೇಗ) ಹೋಗುವ ವಿಮಾನದ ಸ್ಟಡಿ ನಡೀತಿತ್ತು, ಎಲ್ಲ ಬರೀ ಕಾಗದದ ಮೇಲೆ. ನಾಝಲ್ ತುಂಬಾ ಉದ್ದ ಅನ್ನಿಸಿ ಹಿಂದಿನ ತುದಿಯನ್ನು ಒಂದಷ್ಟು ಕತ್ತರಿಸಿ ಸಿಎಫ್‌ಡಿ (ಗಾಳಿ, ಗ್ಯಾಸ್ ಹರಿವಿನ ಕಂಪ್ಯೂಟರ್ ಲೆಕ್ಕ) ಓಡಿಸಿದೆ. ತೂಕ ಇಳಿಯಿತು. ಗ್ಯಾಸ್ ಹೊರಬೀಳುವ ವೇಗ ಕಡಿಮೆಯಾಗಿದ್ದು ಒಂದೇ ಪರ್ಸೆಂಟ್. ಖುಷಿಯಾಗಿ ರಿವ್ಯೂಗೆ ಹೋದೆ.

ನಮ್ಮ ಹಿರಿಯರು ನನ್ನ ಪ್ರಿಂಟ್‌ಔಟ್ ತಿರುಗಿಸಿ ಅದರ ಬೆನ್ನಿಗೇ ಲೆಕ್ಕ ಶುರು ಮಾಡಿದರು. ಮ್ಯಾಕ್ 6 ಅಂದರೆ ಆ ಎತ್ತರದಲ್ಲಿ ಗಾಳಿ ನಮ್ಮ ಎದುರಿಗೆ ಬರುವುದೇ ಸೆಕೆಂಡಿಗೆ ಸುಮಾರು 1800 ಮೀಟರ್ ವೇಗದಲ್ಲಿ. ಹೊರಗೆ ಹೋಗುವುದು 2100 ಅಂತಿಟ್ಟುಕೊಳ್ಳಿ. ಇಂಧನದ ತೂಕ, ಒತ್ತಡದ ಲೆಕ್ಕ ಸದ್ಯಕ್ಕೆ ಬಿಟ್ಟರೆ, ಥ್ರಸ್ಟ್‌ಗೆ (ಮುಂದಕ್ಕೆ ತಳ್ಳುವ ಬಲಕ್ಕೆ) ನಮ್ಮ ಕೈಗೆ ಸಿಗುವುದು ನಡುವಿನ 300 ಮಾತ್ರ. 2100ರಲ್ಲಿ ಒಂದು ಪರ್ಸೆಂಟ್ ಅಂದರೆ 21. “300ರಲ್ಲಿ 21 ಹೋದ್ರೆ ಎಷ್ಟಪ್ಪಾ?” ಅಂದರು. “ಏಳು ಪರ್ಸೆಂಟ್ ಸರ್.” ದನಿಯೇ ಹೊರಡಲಿಲ್ಲ.

ನಾನು ಕಾಲೇಜಿನಲ್ಲಿ ಓದಿದ್ದು ರಾಕೆಟ್ ನಾಝಲ್. ರಾಕೆಟ್ ತನ್ನ ಆಕ್ಸಿಜನ್ ತಾನೇ ಹೊತ್ತೊಯ್ಯುತ್ತದೆ, ಎದುರಿನ ಗಾಳಿಯನ್ನು ನುಂಗುವ ಕೆಲಸವಿಲ್ಲ, ಅಲ್ಲಿ ಒಂದು ಹೋದರೆ ಒಂದೇ ಹೋಗುವುದು. ತಲೆಯಲ್ಲಿ ಅದೇ ಕೂತಿತ್ತು.

ಕತ್ತರಿಸಿದ್ದನ್ನು ವಾಪಸ್ ಸೇರಿಸಿದೆ. ಅಷ್ಟರಲ್ಲಿ ಕಂಟ್ರೋಲ್ಸ್ ಟೀಮಿನವರು ಫೋನ್ ಮಾಡಿ, “ಮ್ಯಾಕ್ 1.2ರಲ್ಲಿ ನಿಮ್ಮ ನಾಝಲ್ ವಿಮಾನದ ಮೂಗನ್ನ ಯಾವ ಕಡೆ ತಿರುಗಿಸತ್ತೆ?” ಅಂತ ಕೇಳಿದರು. ನಾನು ಆ ಕೇಸ್ ಓಡಿಸಿಯೇ ಇರಲಿಲ್ಲ. ಈ ನಾಝಲ್ ರಾಕೆಟ್ಟಿನದರ ಹಾಗೆ ದುಂಡಗೆ ಇರುವುದಿಲ್ಲ. ವಿಮಾನದ ಹಿಂಭಾಗದ ಇಳಿಜಾರಾದ ಹೊಟ್ಟೆಯೇ ಅದರ ಮೇಲಿನ ಗೋಡೆ, ಕೆಳಗೆ ಗಿಡ್ಡ ಕೌಲ್ (ಎಂಜಿನ್ನಿನ ಹೊರಹೊದಿಕೆ), ಅದರಾಚೆ ಬರೀ ಬಯಲು ಗಾಳಿ. ವೇಗ ಜಾಸ್ತಿ ಇದ್ದಾಗ ಗ್ಯಾಸ್ ಆ ಇಳಿಜಾರನ್ನು ಮೇಲಕ್ಕೆ ಒತ್ತುತ್ತದೆ, ಬಾಲ ಏಳುತ್ತದೆ, ಮೂಗು ತಗ್ಗುತ್ತದೆ. ಮ್ಯಾಕ್ 1ರ ಆಸುಪಾಸಿನಲ್ಲಿ ಉಲ್ಟಾ. ಅಷ್ಟು ದೊಡ್ಡ ಬಾಯಿಗೆ ಒಳಗಿನ ಒತ್ತಡ ಸಾಲದೆ, ಗ್ಯಾಸ್ ಅತಿಯಾಗಿ ಹಿಗ್ಗಿ, ಹೊರಗಿನ ಗಾಳಿಗಿಂತ ಕಡಿಮೆ ಒತ್ತಡಕ್ಕೆ ಇಳಿದು ಬಾಲವನ್ನು ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಎಲಿವಾನ್ (ರೆಕ್ಕೆಯ ಹಿಂಬದಿಯ ಆಡುವ ಹಲಗೆ) ಬಾಗಿಸಿದರೆ ಡ್ರ್ಯಾಗ್, ಅಂದರೆ ಗಾಳಿಯ ತಡೆ, ಏರುತ್ತದೆ, ಅದೂ ಥ್ರಸ್ಟ್ ಮೊದಲೇ ಬಿಗಿಯಾಗಿರುವ ಜಾಗದಲ್ಲಿ.

ನಾಸಾದ ಪೈಲಟ್ ಇಲ್ಲದ ಪ್ರಯೋಗ ವಿಮಾನ ಎಕ್ಸ್-43ಎ 2004ರ ನವೆಂಬರ್ 16ರಂದು ಮ್ಯಾಕ್ 9.6ರ ಹತ್ತಿರ ಹಾರಿತಲ್ಲ, ಅದಕ್ಕೆ ಈ ತಾಪತ್ರಯವೇ ಇರಲಿಲ್ಲ. ಬಿ-52 ವಿಮಾನದ ಅಡಿಯಿಂದ ಬಿಟ್ಟ ಪೆಗಾಸಸ್ ರಾಕೆಟ್ ಅದನ್ನು ಆ ವೇಗಕ್ಕೆ ಒಯ್ದಿತ್ತು, ಎಂಜಿನ್ ಹತ್ತು ಸೆಕೆಂಡಿನಷ್ಟು ಉರಿದರೆ ಆಯಿತು. ಸುಖಪುರುಷ!

ಮ್ಯಾಕ್ 1ರ ಆ ತೊಂದರೆಗೆ ನಾವು ಕೊನೆಗೆ ಕೌಲ್ ತುದಿಗೆ ಆಡಿಸಬಹುದಾದ ಫ್ಲಾಪ್ ಇಟ್ಟೆವು. ನಾನು ಮೊದಲು ಉಳಿಸಿದ್ದ ತೂಕಕ್ಕಿಂತ ಆ ಫ್ಲಾಪ್ ಮತ್ತು ಅದನ್ನು ಆಡಿಸುವ ಆಕ್ಚುಯೇಟರ್ ತೂಕವೇ ಜಾಸ್ತಿ ಬಂತು.