ಬೆಂಕಿಯೊಂದೇ ಸಾಲದು

ಡಂಜನ್ಸ್ ಆಂಡ್ ಡ್ರಾಗನ್ಸ್ ಅನ್ನೋ ದಾಳ ಉರುಳಿಸಿ ಪಾತ್ರ ವಹಿಸುವ ಆಟದಲ್ಲಿ ಮಂತ್ರಗಾರನ ಪಾತ್ರ ಸಿಕ್ಕರೆ ಕೈ ಮೊದಲು ಹೋಗುವುದು ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರಕ್ಕೇ. ಏಟಿನ ಲೆಕ್ಕಕ್ಕೆ 8 ದಾಳ ಒಟ್ಟಿಗೆ ಉರುಳಿಸುವ ಖುಷಿಯೇ ಬೇರೆ, ಅಲ್ವಾ? ಆದರೆ ಎದುರಿಗೆ ಕೆಂಪು ಡ್ರಾಗನ್ ಇದ್ದರೆ ಅಷ್ಟೂ ಸೊನ್ನೆ. ಎದುರಾಳಿಗೆ ಆ ಬಗೆಯ ಏಟಿಗೆ ರೆಸಿಸ್ಟೆನ್ಸ್ (ತಡೆಯುವ ಶಕ್ತಿ) ಇದ್ದರೆ ಏಟು ಅರ್ಧ, ವಲ್ನರಬಿಲಿಟಿ (ದೌರ್ಬಲ್ಯ) ಇದ್ದರೆ ಎರಡು ಪಟ್ಟು.

ನನಗೆ ತುಂಬಾ ಇಷ್ಟ ಟ್ರೋಲ್ ಅನ್ನೋ ದೈತ್ಯನ ಜೊತೆಗಿನ ಕಾಳಗ. 2014ರ ನಿಯಮದಲ್ಲಿ ಅದು ತನ್ನ ಸರದಿ ಬಂದಾಗಲೆಲ್ಲ 10 ಹಿಟ್ ಪಾಯಿಂಟ್ (ಜೀವಬಲದ ಅಂಕ) ವಾಪಸ್ ಪಡೆಯುತ್ತದೆ. ಬೆಂಕಿ ಅಥವಾ ಆಸಿಡ್ ತಗುಲಿದರೆ ಮಾತ್ರ ಮುಂದಿನ ಸರದಿಗೆ ಈ ಚೇತರಿಕೆ ನಿಲ್ಲುತ್ತದೆ. ಹಾಗಾಗಿ ದೊಡ್ಡ ಮಂತ್ರ ಬೇಕಿಲ್ಲ. ಸುತ್ತಿಗೊಂದು ಫೈರ್ ಬೋಲ್ಟ್ ಗುರಿಗೆ ಬಿದ್ದರೆ ಸಾಕು, ಅದು ಕ್ಯಾಂಟ್ರಿಪ್, ಅಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ, ಸ್ಲಾಟ್ (ದೊಡ್ಡ ಮಂತ್ರಗಳಿಗೆ ಮಿತವಾಗಿ ಸಿಗುವ ಅವಕಾಶ) ಖರ್ಚಾಗಲ್ಲ. ಉಳಿದದ್ದನ್ನು ಕತ್ತಿ ಹಿಡಿದವರು ನೋಡಿಕೊಳ್ಳುತ್ತಾರೆ. ಇಡೀ ತಂಡ ಹೀಗೆ ಒಂದಾಗಿ ಯೋಚಿಸುವ ಹೊತ್ತು ಇದೆಯಲ್ಲ, ಈ ಆಟದಲ್ಲಿ ನನಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ.

ಶ್ಯಾಂಬ್ಲಿಂಗ್ ಮೌಂಡ್ ಅನ್ನೋ ನಡೆದಾಡುವ ಸಸ್ಯರಾಶಿಗೆ ಮಿಂಚು ಹೊಡೆದರೆ ಉಲ್ಟಾ, ಅದು ಚೇತರಿಸಿಕೊಳ್ಳುತ್ತದೆ! ಅದಕ್ಕೇ ಬೆಂಕಿ, ಚಳಿ, ಮಿಂಚು ಎಲ್ಲವೂ ಸ್ವಲ್ಪ ಸ್ವಲ್ಪ ಕೈಯಲ್ಲಿರಲಿ. ವಿಷವನ್ನು ಜಾಸ್ತಿ ನಂಬಬೇಡಿ, ಅಸ್ಥಿಪಂಜರಗಳಿಗೆ ಅದು ನಾಟುವುದೇ ಇಲ್ಲ. ಆಟ ನಡೆಸುವವರು "ಗಾಯ ತಾನಾಗಿ ಕೂಡಿಕೊಳ್ತಾ ಇದೆ" ಅಂದರೆ ಸುಮ್ನೆ ವರ್ಣನೆ ಅಂದುಕೊಳ್ಳಬೇಡಿ, ಅದು ಸುಳಿವು.