ಆ ಕಲ್ಲನ್ನು ಮಾತ್ರ ಬಿಡಿ

ಶನಿವಾರ ಸಂಜೆ ಪುಣೆ ಬಳಿಯ ಪವನಾ ಜಲಾಶಯದ ದಂಡೆಯಲ್ಲಿ ಒಬ್ಬ ಅಜ್ಜಿ ನನ್ನ ಗಂಡನಿಗೆ ಒಂದು ಮಾತು ಹೇಳಿದರು. ಇವತ್ತು ಗುರುವಾರ. ಕಚೇರಿಯಲ್ಲಿ, ಅಡುಗೆಮನೆಯಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ, ಆ ಮಾತು ಅದೇ ದನಿಯಲ್ಲಿ ಮತ್ತೆ ಮತ್ತೆ ಕೇಳುತ್ತಿದೆ. ಬರೆದರೆ ಸ್ವಲ್ಪ ಹಗುರಾಗಬಹುದೆಂದು ಕುಳಿತಿದ್ದೇನೆ.

ಮಗಳ ಪರೀಕ್ಷೆ ಮುಗಿದಿತ್ತು. ಒಂದು ರಾತ್ರಿಯಾದರೂ ಡೇರೆಯಲ್ಲಿ ಮಲಗಬೇಕು ಎಂಬುದು ಅವಳ ಎರಡು ವರ್ಷದ ಹಟ. ಏಪ್ರಿಲ್ ತಿಂಗಳು ಇದಕ್ಕೆ ತಕ್ಕ ಕಾಲವಲ್ಲ ಎಂದು ಎಲ್ಲರೂ ಹೇಳಿದರು. ಮಳೆಗಾಲ ಕಳೆದ ಮೇಲೆ, ಚಳಿ ಇರುವವರೆಗೆ, ಪವನಾ ಇರುವ ಮಾವಳ ತಾಲ್ಲೂಕಿನ ಕೆರೆದಂಡೆಗಳು ಡೇರೆಗಳಿಂದ ತುಂಬಿರುತ್ತವೆ. ಈಗ ಹಗಲು ಕೆಂಡದಂತಹ ಬಿಸಿಲು. ಆದರೆ ಸಂಜೆ ನೀರಿನ ಮೇಲಿಂದ ಗಾಳಿ ಬೀಸತೊಡಗಿದರೆ ಪುಣೆಗೆ ಹೊಂದಿಕೊಂಡ ಚಿಂಚವಾಡದ ನಮ್ಮ ಫ್ಲ್ಯಾಟಿಗಿಂತ ಅಲ್ಲಿ ಸುಖವಾಗಿರುತ್ತದೆ ಎಂದು ನನ್ನ ಗಂಡ ಹಿಡಿದ ಪಟ್ಟು ಬಿಡಲಿಲ್ಲ. ಅವರ ಕಚೇರಿಯ ಮಂಗಳೂರಿನ ದಂಪತಿ, ಅವರ ಮಗ, ನಾವು ಮೂವರು, ಒಟ್ಟು ಆರು ಜನ. ನಮ್ಮ ಮೇಲಿನ ಮಹಡಿಯವರೂ ಬರುತ್ತೇವೆ ಎಂದಿದ್ದರು, ಆದರೆ ದೊಡ್ಡ ಸ್ಪೀಕರ್ ತರುತ್ತೇವೆ ಎಂದಾಗ ನಾನು ಬೇಡವೆಂದೆ. ಅವರಿಗೆ ಬೇಸರವಾಯಿತು. ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಕತ್ತಲನ್ನೂ ಮೌನವನ್ನೂ ಹುಡುಕಿಕೊಂಡು ಹೋಗುವವರು ಊರಿನ ಗದ್ದಲವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬಾರದು.

ಮಂಗಳೂರಿನ ಆಕೆಯಷ್ಟು ಚೆನ್ನಾಗಿ ಪ್ರವಾಸದ ಸಿದ್ಧತೆ ಮಾಡುವವರನ್ನು ನಾನು ನೋಡಿಲ್ಲ. ಎರಡು ಡೇರೆ, ಚಾಪೆಗಳು, ತಲೆಗೆ ಕಟ್ಟುವ ಟಾರ್ಚ್, ಬೆಂಕಿ ಹೊತ್ತಿಸಲು ಕರ್ಪೂರ, ಕಸ ವಾಪಸ್ ತರಲು ಎರಡು ಚೀಲ. ಮಕ್ಕಳಿಗೆಂದು ಎಲ್ಲಿಂದಲೋ ಎರಡು ಲೈಫ್ ಜಾಕೆಟ್ ಕೂಡ ಕೇಳಿ ತಂದಿದ್ದರು. ಪವನಾ ನೋಡಲು ಶಾಂತವಾಗಿದೆ, ಆದರೆ ಪ್ರತಿವರ್ಷ ಈಜಲು ಇಳಿದ ಹುಡುಗರು ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮೊಣಕಾಲಿನ ಆಳ ದಾಟುವುದಿಲ್ಲ ಎಂದು ಮಕ್ಕಳಿಂದ ಆಣೆ ಮಾಡಿಸಿದ್ದರು. ಊಟದ ಹೊಣೆ ನನ್ನದು. ಬಾಗಲಕೋಟೆಯಿಂದ ಅವ್ವ ಕಳಿಸಿದ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಂದು ಡಬ್ಬಿ ಮಾದಲಿ. ಬಿಸಿಲಿಗೆ ಕೆಡದ, ಬೆಂಕಿ ಬೇಡದ ಇಂಥ ಬುತ್ತಿಯನ್ನು ನಮ್ಮ ಕಡೆಯ ಹೆಂಗಸರು ಯಾವ ಕಾಲದಲ್ಲೋ ಕಂಡುಹಿಡಿದಿಟ್ಟಿದ್ದಾರೆ.

ಚಿಂಚವಾಡದಲ್ಲಿ ಲೋಣಾವಳಾ ಲೋಕಲ್ ಹತ್ತಿ ಕಾಮಶೇತ್‌ನಲ್ಲಿ ಇಳಿದು, ಜೀಪಿನಲ್ಲಿ ಪವನಾನಗರ ದಾಟಿ ಹೋದೆವು. ಗೊತ್ತಿದ್ದವರೊಬ್ಬರ ಮೂಲಕ ಒಬ್ಬ ರೈತ ಯುವಕನ ಹೊಲದ ಅಂಚಿನಲ್ಲಿ ಜಾಗ ಗೊತ್ತುಪಡಿಸಿದ್ದೆವು. ಅವನ ಷರತ್ತು ಎರಡೇ: ಹಾಡು ಹಾಕಬಾರದು, ಬಾಟಲಿ ತರಬಾರದು. ಅವನನ್ನು ಕಂಡ ಕೂಡಲೇ ನನಗೆ ಗೌರವ ಮೂಡಿತು.

ಡೇರೆ ನಿಲ್ಲಿಸುವಾಗಲೇ ತೊಡಕು ಬಂತು. ಬೇಸಿಗೆಯ ನೆಲ ಹಂಚಿನಂತೆ ಗಟ್ಟಿಯಾಗಿ ಗೂಟ ಒಳಗೆ ಇಳಿಯಲೇ ಇಲ್ಲ. ಹಗ್ಗಗಳನ್ನು ಕಲ್ಲಿಗೆ ಕಟ್ಟುವುದೊಂದೇ ದಾರಿ. ಹೊಲದ ಕೆಳಗೆ ನೀರು ಸರಿದು ಬಿರುಕುಬಿಟ್ಟ ಕೆಸರಿನ ಬಯಲಿತ್ತು. ಅಲ್ಲಿ ಕಲ್ಲುಗಳು ಸಾಕಷ್ಟಿದ್ದವು, ಅದೂ ಸಾಲು ಸಾಲಾಗಿ. ಅವು ಏಕೆ ಸಾಲಾಗಿವೆ ಎಂದು ಆರು ಜನರಲ್ಲಿ ಒಬ್ಬರೂ ಯೋಚಿಸಲಿಲ್ಲ. ನಾನಾದರೂ ಯೋಚಿಸಬೇಕಿತ್ತು. ಮಕ್ಕಳು ಸಣ್ಣ ಕಲ್ಲುಗಳನ್ನು ಹೊತ್ತು ತಂದರು. ಒಲೆಯ ಗಾಳಿಗೆ ಅಡ್ಡ ಇಡಲು ಉದ್ದನೆಯದೊಂದು ಬೇಕೆಂದು ಗಂಡಸರಿಬ್ಬರು ಹುಡುಕಿ, ಮೇಲ್ಮೈ ಸವೆದು ನುಣುಪಾಗಿದ್ದ, ಒಂದು ಮಾರು ಉದ್ದದ ಚಪ್ಪಟೆ ಕಲ್ಲಿನ ಒಂದು ತುದಿಯನ್ನು ಎತ್ತಿದ್ದರು.

ಆಗ ಹೊಲದ ಅಂಚಿನಿಂದ ಆ ಅಜ್ಜಿಯ ದನಿ ಬಂತು. ಯುವಕನ ಅಜ್ಜಿ, ಒಂಬತ್ತು ಗಜದ ಸೀರೆ, ಕೈಯಲ್ಲಿ ಕುಡಗೋಲು.

"ತೋ ರಾಹೂ ದ್ಯಾ. ಆಮಚಾ ಉಂಬರಾ ಹಾಯ."

ಅದು ಇರಲಿ ಬಿಡಿ, ಅದು ನಮ್ಮ ಹೊಸ್ತಿಲು.

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಮನೆಗೆ ಬಂದ ಅತಿಥಿಗೆ 'ಆ ಕುರ್ಚಿಯ ಕಾಲು ಸಡಿಲವಾಗಿದೆ, ಈ ಕಡೆ ಕುಳಿತುಕೊಳ್ಳಿ' ಎನ್ನುವಂತಿತ್ತು. ನನ್ನ ಗಂಡ ಕಲ್ಲನ್ನು ಮೆಲ್ಲಗೆ ಮೊದಲಿದ್ದ ಗುರುತಿಗೇ ಇಳಿಸಿ, ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಅಜ್ಜಿ ಕೆಳಗಿಳಿದು ಬಂದು ಸುತ್ತ ಕೈ ತೋರಿಸಿ, "ಬೇಕಾದರೆ ಆ ಗೋಡೆಯ ಕಲ್ಲು ಒಯ್ಯಿರಿ, ಅದಕ್ಕೇನಿಲ್ಲ" ಎಂದರು. ಗೋಡೆ ಕೊಡಲು ಸಿದ್ಧ, ಹೊಸ್ತಿಲು ಕೊಡಲಾರರು. ನನಗೆ ಎದೆ ಹಿಂಡಿದಂತಾದದ್ದು ಅಲ್ಲಿ.

ನನ್ನ ಮಗಳು ಹತ್ತಿರ ಹೋಗಿ, "ಆಜಿ, ಇಲ್ಲಿ ಮನೆ ಇತ್ತೇ?" ಎಂದು ತನ್ನ ಶಾಲೆಯ ಮರಾಠಿಯಲ್ಲಿ ಕೇಳಿದಳು. ಅಜ್ಜಿ ಅವಳ ಕೈ ಹಿಡಿದು ಬಲಗಾಲನ್ನು ಮುಂದಿಡಿಸಿ ಹೊಸ್ತಿಲು ದಾಟಿಸಿದರು. ಇದು ಪಡಸಾಲೆ, ಇಲ್ಲಿ ಭತ್ತದ ಕಣಜ, ಇಲ್ಲಿ ಒಲೆ, ಆ ಮೂಲೆಯಲ್ಲಿ ಎತ್ತುಗಳು ಎನ್ನುತ್ತ ಒಣಗಿದ ಕೆಸರಿನ ಮೇಲೆ ಕೋಣೆಯಿಂದ ಕೋಣೆಗೆ ಕರೆದೊಯ್ದರು. ಬಾಗಿಲಿಲ್ಲದ ಕಡೆ ಅವರು ತಿರುಗಲಿಲ್ಲ. ಗೋಡೆ ಇದ್ದ ಜಾಗವನ್ನು ದಾಟದೆ ಸುತ್ತುಹಾಕಿಯೇ ನಡೆದರು. ಮಗಳೂ ಹಾಗೆಯೇ ನಡೆದಳು.

ಕತ್ತಲಾದ ಮೇಲೆ ಅವರು ನಮ್ಮ ಜೊತೆ ಕುಳಿತು ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. ಮೊಮ್ಮಗ ಬಿಸಿ ಭಾಕರಿ, ಕಡಲೆಹಿಟ್ಟಿನ ಪಿಠಲಂ ತಂದುಕೊಟ್ಟ. ಪವನಾ ಅಣೆಕಟ್ಟು ಮುಗಿದದ್ದು 1972ರಲ್ಲಿ. ಅಜ್ಜಿ ಮದುವೆಯಾಗಿ ಆ ಮನೆಗೆ ಬಂದು ಕೆಲವೇ ಮಳೆಗಾಲ ಕಳೆದಿದ್ದವಂತೆ. ಗಂಡನ ಮನೆ ಇನ್ನೂ ಅಭ್ಯಾಸವಾಗುವ ಮೊದಲೇ ಅದು ನೀರಿಗೆ ಹೋಯಿತು. ಮೇಲಿನ ತುಂಡು ಹೊಲ ಉಳಿಯಿತು. ಪ್ರತಿ ಬೇಸಿಗೆಯಲ್ಲೂ ನೀರು ಇಳಿದಾಗ ಬಂದು ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಾರೆ. ಇದೇ ಜಲಾಶಯದಲ್ಲಿ ವಾಘೇಶ್ವರನ ಗುಡಿಯೂ ವರ್ಷದ ಬಹುಪಾಲು ನೀರಿನಡಿ ಇದ್ದು ಬೇಸಿಗೆಯಲ್ಲಿ ಮೇಲೇಳುತ್ತದೆ. ದೇವರಿಗೆ ಆದದ್ದೇ ನಮಗೂ ಆಯಿತು ಎಂದರು. ಅಣೆಕಟ್ಟಿನಿಂದ ನೆಲ ಕಳೆದುಕೊಂಡವರನ್ನು ಇಲ್ಲಿ 'ಧರಣಗ್ರಸ್ತ' ಎನ್ನುತ್ತಾರೆ. ಪವನಾದ ಧರಣಗ್ರಸ್ತರಲ್ಲಿ ಅನೇಕರು ಬದಲಿ ಭೂಮಿಗಾಗಿ ದಶಕಗಟ್ಟಲೆ ಅಲೆದವರು.

ನಮ್ಮ ಕಡೆ ಅದಕ್ಕೆ 'ಮುಳುಗಡೆ' ಎನ್ನುತ್ತಾರೆ. ನಾನು ಮುಳುಗಡೆಯ ಮಗಳು. ಘಟಪ್ರಭೆಯ ದಂಡೆಯ ನಮ್ಮ ಊರು ಆಲಮಟ್ಟಿಯ ಹಿನ್ನೀರಿನಲ್ಲಿದೆ. ನೋಟಿಸು ಬಂದು, ಪರಿಹಾರದ ಚೆಕ್ಕು ಬಂದು, ಊರು ಖಾಲಿಯಾಗುವಾಗ ಎಲ್ಲರೂ ತೊಲೆ, ಬಾಗಿಲು, ಕಿಟಕಿಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಏರಿಸಿದರು. ಅಪ್ಪ ತಂದ ತಲೆಬಾಗಿಲು ಇವತ್ತಿಗೂ ಬಾಗಲಕೋಟೆ ನವನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಒರಗಿ ನಿಂತಿದೆ, ಹೊಸ ಮನೆಯ ಚೌಕಟ್ಟಿಗೆ ಅದು ಹೊಂದಲಿಲ್ಲ. ಹೊಸ್ತಿಲ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಕೊನೆಯ ದಿನ ಅವ್ವ ಅದನ್ನು ತೊಳೆದು ರಂಗೋಲಿ ಹಾಕಿದ್ದು ನನಗೆ ನೆನಪಿದೆ. ನೀರು ಬರುವ ಮನೆಗೆ ರಂಗೋಲಿ ಏಕೆ ಎಂದು ಕಾಲೇಜಿನಲ್ಲಿದ್ದ ನಾನು ಕೇಳಿದ್ದೆ, ಸ್ವಲ್ಪ ಒರಟಾಗಿಯೇ.

ಆ ರಾತ್ರಿ ಆಕಾಶ ನಿಚ್ಚಳವಾಗಿತ್ತು. ಮಂಗಳೂರಿನವರು ಮಕ್ಕಳಿಗೆ ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಮುಂದುವರಿಸಿ ಸ್ವಾತಿ, ಅಲ್ಲಿಂದ ಚಿತ್ರಾ ನಕ್ಷತ್ರ ಹುಡುಕುವುದನ್ನು ಕಲಿಸಿದರು. ಹನ್ನೊಂದರ ಹೊತ್ತಿಗೆ ಆಚೆ ದಡದ ಒಂದು ಶಿಬಿರದಿಂದ ಢಮ್ ಢಮ್ ಎಂಬ ಹಾಡು ನೀರಿನ ಮೇಲೆ ತೇಲಿ ಬರತೊಡಗಿತು, ಬಣ್ಣಬಣ್ಣದ ದೀಪಗಳು ಕುಣಿದವು. ನನಗೆ ಮೈ ಉರಿಯಿತು. ಆ ದೀಪಗಳ ಕೆಳಗೂ ಯಾರದೋ ಒಲೆ, ಯಾರದೋ ಕಣಜ ಇರಬೇಕಲ್ಲವೇ? ಅಲ್ಲಿ ಕುಣಿಯುತ್ತಿದ್ದ ಹುಡುಗರಿಗೆ ಯಾರೂ ಅದನ್ನು ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅವರಲ್ಲಿ ನಾಲ್ವರಾದರೂ ದನಿ ತಗ್ಗಿಸುತ್ತಿದ್ದರು ಎಂದು ನಂಬುತ್ತೇನೆ.

ಭಾನುವಾರ ನಸುಕಿನಲ್ಲಿ, ಟಿಟ್ಟಿಭಗಳು ದಂಡೆಯಲ್ಲಿ ಕೂಗಾಡುತ್ತಿರುವಾಗಲೇ ಎದ್ದು ತಿಕೋಣಾ ಕೋಟೆ ಹತ್ತಿದೆವು. ಬಿಸಿಲೇರುವ ಮೊದಲು ಇಳಿಯಬೇಕೆಂಬ ಲೆಕ್ಕ. ಮಕ್ಕಳಿದ್ದವರಿಗೆ ಹೇಳಿ ಮಾಡಿಸಿದ ಗುಡ್ಡವಿದು. ದಾರಿ ಸ್ಪಷ್ಟವಾಗಿದೆ, ನಡುವೆ ರಾಕ್ಷಸಿಯನ್ನು ತುಳಿದು ನಿಂತ ಮಾರುತಿಯ ಬಳಿ ದಣಿವಾರಿಸಿಕೊಳ್ಳಬಹುದು. ಕೊನೆಯ ಬಂಡೆಮೆಟ್ಟಿಲುಗಳು ಮಾತ್ರ ಬಹಳ ಕಡಿದು, ಒಂದೊಂದು ಮೆಟ್ಟಿಲು ನನ್ನ ಮಗಳ ಮೊಣಕಾಲಿಗಿಂತ ಎತ್ತರ. ದಾರಿಯಲ್ಲಿ ಕರವಂದದ ಪೊದೆಗಳಲ್ಲಿ ಹಣ್ಣು ಕಪ್ಪಾಗುತ್ತಿತ್ತು. ನಮ್ಮೂರಿನ ಸಂತೆಗೆ ಬರುತ್ತಿದ್ದ ಕವಳಿಹಣ್ಣು ಅದೇ, ಅದೇ ಹುಳಿ, ಅದೇ ಅಂಟು.

ತುದಿಯಿಂದ ಎದುರಿಗೆ ತುಂಗ ಕೋಟೆ, ಆಚೆ ಲೋಹಗಡ, ವಿಸಾಪುರ ಕೋಟೆಗಳು, ನಡುವೆ ಕೈಬೆರಳುಗಳನ್ನು ಚಾಚಿದಂತೆ ಪವನಾ. 1665ರ ಪುರಂದರ ಒಪ್ಪಂದದಲ್ಲಿ ಶಿವಾಜಿ ಮಹಾರಾಜರು ಮೊಘಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಲೋಹಗಡವೂ ಒಂದು, 1670ರಲ್ಲಿ ಮರಳಿ ಪಡೆದರು. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿಯೂ ಅದಿದೆ. ಆ ಹೆಮ್ಮೆ ನನಗೂ ಇದೆ, ಈ ನಾಡಿನ ಅನ್ನ ಉಂಡವಳು ನಾನು. ಆದರೆ ಅಂದು ನನ್ನ ಕಣ್ಣು ಕೋಟೆಗಳ ಮೇಲೆ ನಿಲ್ಲಲಿಲ್ಲ. ನೀರಿನ ಅಂಚಿನ ಕಂದು ಪಟ್ಟಿಯಲ್ಲಿ ನಮ್ಮ ಎರಡು ಡೇರೆ ಎಲ್ಲಿ, ಅವುಗಳ ಕೆಳಗೆ ಆ ಕಲ್ಲಿನ ಸಾಲು ಎಲ್ಲಿ ಎಂದು ಹುಡುಕಿತು. ಕಾಣಲಿಲ್ಲ. ಯಾವ ಕೋಟೆಯನ್ನು ಯಾರು ಯಾವ ವರ್ಷ ಕಳೆದುಕೊಂಡರು, ಯಾರು ಗೆದ್ದರು ಎಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಕೋಟೆಯ ಕೆಳಗಿನ ಅಜ್ಜಿಯ ಪಡಸಾಲೆ ಗೊತ್ತಿರುವುದು ಅವರಿಗೆ, ಅವರ ಮೊಮ್ಮಗನಿಗೆ, ಶನಿವಾರದಿಂದ ನನ್ನ ಮಗಳಿಗೆ.

ಈ ಮಂಗಳವಾರ ನಮ್ಮ ಮನೆಗೆ ನೀರು ಬರುವ ದಿನವಾಗಿತ್ತು. ಪಿಂಪ್ರಿ–ಚಿಂಚವಾಡಕ್ಕೆ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ ನೀರು. ಆ ನೀರು ಪವನಾದ್ದೇ. ಅಣೆಕಟ್ಟಿನಿಂದ ನದಿಗೆ ಬಿಟ್ಟದ್ದನ್ನು ರಾವೇತ್ ಬಳಿ ಎತ್ತಿ, ನಿಗಡಿಯಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು, ಆದರೆ ಕೊಡ ತುಂಬುವಾಗ ಎಂದೂ ನೆನಪಿಗೆ ಬಂದಿರಲಿಲ್ಲ. ಅಣೆಕಟ್ಟಿನಿಂದ ನೇರವಾಗಿ ಕೊಳವೆಯಲ್ಲಿ ನಗರಕ್ಕೆ ನೀರು ಒಯ್ಯುವ ಯೋಜನೆಯನ್ನು ಮಾವಳದ ರೈತರು ವಿರೋಧಿಸಿದಾಗ, 2011ರ ಆಗಸ್ಟ್ 9ರಂದು, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಹೆಂಗಸೂ ಸೇರಿ ಮೂವರು ಸತ್ತರು. ನಾನು ಆಗ ಚಿಂಚವಾಡದಲ್ಲಿಯೇ ಇದ್ದೆ. ಸುದ್ದಿ ಕೇಳಿ ಮರುಗಿದ್ದೆ, ಹಾಗಾದರೆ ನಮ್ಮ ನಲ್ಲಿಗೆ ನೀರು ಹೆಚ್ಚಾಗುವುದು ಯಾವಾಗ ಎಂದೂ ಅದೇ ಉಸಿರಿನಲ್ಲಿ ಯೋಚಿಸಿದ್ದೆ. ಮುಳುಗಡೆಯ ಊರಿನಿಂದ ಬಂದ ನಾನೇ ಹಾಗೆ ಯೋಚಿಸಿದೆನಲ್ಲ ಎಂಬುದು ಈ ವಾರ ನನ್ನನ್ನು ಬಹಳ ಕಾಡಿದೆ.

ಇತ್ತ ಆಲಮಟ್ಟಿಯಲ್ಲಿ ನೀರನ್ನು 519.60 ಮೀಟರ್‌ನಿಂದ 524.256 ಮೀಟರ್‌ವರೆಗೆ ನಿಲ್ಲಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಸಾಂಗಲಿ, ಕೊಲ್ಹಾಪುರದಲ್ಲಿ ಪ್ರವಾಹ ಹೆಚ್ಚುತ್ತದೆ ಎಂದು ಮಹಾರಾಷ್ಟ್ರ ವಿರೋಧಿಸುತ್ತಿದೆ. ಕಚೇರಿಯಲ್ಲಿ ಈ ಮಾತು ಬಂದಾಗೆಲ್ಲ ನಾನು ಕರ್ನಾಟಕದ ಪರ ವಾದಿಸುತ್ತೇನೆ, ನಮ್ಮ ಒಣಭೂಮಿಗೆ ಆ ನೀರು ಬೇಕೇ ಬೇಕು. ಈಗಲೂ ಹಾಗೆಯೇ ವಾದಿಸುವೆ. ಆದರೆ ಆ ನಾಲ್ಕೂವರೆ ಮೀಟರಿನ ಲೆಕ್ಕದೊಳಗೆ ಬೀಳಗಿ, ಬಾಗಲಕೋಟೆ ಕಡೆಯ ಎಷ್ಟು ಹೊಸ್ತಿಲುಗಳಿವೆ ಎಂಬುದನ್ನು ಬಿಟ್ಟು ಇನ್ನು ಮಾತಾಡಲಾರೆ.

'ಉಂಬರಾ ಹಾಯ', ಹೊಸ್ತಿಲು ಇದೆ, ಎಂದರು ಅಜ್ಜಿ. ಮನೆ ಇತ್ತೇ ಎಂದು ನನ್ನ ಮಗಳು ಕೇಳಿದಾಗಲೂ ಅವರು ಒಮ್ಮೆಯೂ 'ಇತ್ತು' ಎನ್ನಲಿಲ್ಲ.

ನಿನ್ನೆ ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ರೊಟ್ಟಿ ಸಾಕಾಯಿತೇ ಎಂದು ಮೊದಲು ಕೇಳಿದರು. ಆಮೇಲೆ, "ಆ ಕಲ್ಲನ್ನು ಇದ್ದ ಹಾಗೆಯೇ ಇಟ್ಟಿರೋ ಇಲ್ಲವೋ?" ಎಂದರು. ಇಟ್ಟೆವು ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಅದರ ಬಾಗಿಲು ಯಾವ ದಿಕ್ಕಿಗೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಫೋನಿಗೆ ಬಾಯಿ ತಂದು, "ಅಜ್ಜಿ, ನಾವು ಒಳಗೆ ಹೋಗುವಾಗ ಸಂಜೆಯ ಸೂರ್ಯ ನಮ್ಮ ಮುಖಕ್ಕೇ ಹೊಡೆಯುತ್ತಿದ್ದ. ಹಾಗಾದರೆ ಬಾಗಿಲು ಪೂರ್ವಕ್ಕೆ" ಎಂದಳು.

"ಹೌದೇ?" ಎಂದರು ಅವ್ವ. "ನಮ್ಮದು ಉತ್ತರಕ್ಕೆ ಇದೆ, ಹೊಳೆಯ ಕಡೆಗೆ."