ಕಾಡು ಕೇಪಳ ಟೆರೇಸಿಗೆ ಬಂದು 10 ತಿಂಗಳು, ಇಲ್ಲಿವರೆಗಿನ ವರದಿ

ಕೇಪಳ ಅಂದ್ರೆ ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಪೊದೆ ಗಿಡ. ಮೊದ್ಲೇ ಹೇಳಿಬಿಡ್ತೇನೆ, ಇದು ನರ್ಸರಿಯಲ್ಲಿ ಸಿಗುವ ಕೇಪಳದ ಕಥೆ ಅಲ್ಲ. ನರ್ಸರಿಯದ್ದು ಎಸಳು ಗುಂಡು ಗುಂಡು ಇರ್ತದೆ, ಹೆಚ್ಚಾಗಿ ಚೀನಾ ಕಡೆಯ ಜಾತಿ ಅಥವಾ ಅದರ ಮಿಶ್ರತಳಿ, ಗೇಟಿನ ಪಕ್ಕ ಬೇಲಿ ಥರ ಕತ್ತರಿಸಿ ಇಡ್ಲಿಕ್ಕೆ ಚಂದ. ನಾನು ತಂದದ್ದು ಅಜ್ಜಿಮನೆ ಹಿಂದಿನ ಗುಡ್ಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಸಂದಿಯಲ್ಲಿ ತನ್ನಷ್ಟಕ್ಕೆ ಬೆಳೆಯುವಂಥದ್ದು, ಪುತ್ತೂರು ಕಡೆ. ಎಸಳಿನ ತುದಿ ಚೂಪು, ಎಲೆಗೆ ತೊಟ್ಟೇ ಇಲ್ಲ ಅನ್ನುವಷ್ಟು ಗಿಡ್ಡ, ಎಲೆ ಬುಡ ಹೃದಯದ ಆಕಾರದಲ್ಲಿ ಕಾಂಡವನ್ನ ಅಪ್ಪಿಕೊಂಡ ಹಾಗೆ ಕೂತಿರ್ತದೆ. ಈ ಎರಡು ಗುರುತು ಸಾಕು, ನೂರು ಗಿಡದ ಮಧ್ಯೆ ಇಟ್ರೂ ಹೇಳಬಹುದು.

ಇದನ್ನೇ ಘಟ್ಟದ ಮೇಲೆ ಕಿಸ್ಕಾರ ಅಂತಾರೆ, ಕೆಲವ್ರು ಗುಡ್ಡೆದಾಸವಾಳ ಅಂತಾರೆ (ದಾಸವಾಳಕ್ಕೂ ಇದಕ್ಕೂ ಎಂಥ ಸಂಬಂಧವೂ ಇಲ್ಲ), ತುಳುವಿನಲ್ಲಿ ಕೇಪುಳ, ಮಲಯಾಳದಲ್ಲಿ ತೆಚ್ಚಿ, ಚೆತ್ತಿ. ತಮಿಳಲ್ಲಿ ವೆಟ್ಚಿ, ಸಂಗಂ ಕಾಲದಲ್ಲಿ ಶತ್ರುವಿನ ದನ ಹೊಡ್ಕೊಂಡು ಬರ್ಲಿಕ್ಕೆ ಹೋಗುವ ವೀರರು ಮುಡೀತಿದ್ದ ಹೂವು ಇದು, ದನ ಕದಿಯುವ ಆ ಯುದ್ಧಕ್ಕೇ ವೆಟ್ಚಿ ಅಂತ ಹೆಸರು! ವಿಜ್ಞಾನದವರ ಹೆಸರು ಇಕ್ಸೋರಾ ಕಾಕ್ಸಿನಿಯಾ, 1753ರಲ್ಲಿ ಲಿನೇಯಸ್ ಇಟ್ಟದ್ದು. ನಮ್ಮ ಈಶ್ವರನೇ ಪೋರ್ಚುಗೀಸರ ಬಾಯಿಗೆ ಸಿಕ್ಕಿ ಇಕ್ಸೋರಾ ಆದದ್ದು, ಕಾಕ್ಸಿನಿಯಾ ಅಂದ್ರೆ ಕಡುಗೆಂಪು. ಕೆಂಪು ಈಶ್ವರ ಅಂತ ಆಯ್ತು ನೋಡಿ.

ಸರಿ, ಲಾಗ್‌ಗೆ ಬರ್ತೇನೆ.

ಮೇ ಕೊನೆ

ಮೊದಲ ಮಳೆ ಬಿದ್ದ ಮಾರನೇ ದಿನ ಗುಡ್ಡೆಗೆ ಹೋಗಿ 12 ಕಟಿಂಗ್ ತಂದೆ. ಪೂರ್ತಿ ಹಸಿರು ಚಿಗುರೂ ಅಲ್ಲ, ಪೂರ್ತಿ ಬಲಿತು ಕಂದು ಆದದ್ದೂ ಅಲ್ಲ, ಮಧ್ಯದ್ದು, ಪೆನ್ಸಿಲಿಗಿಂತ ಸ್ವಲ್ಪ ತೆಳು, ಒಂದೊಂದರಲ್ಲಿ ಮೂರು ಗೆಣ್ಣು. ಜೊತೆಗೆ ಒಂದು ಮುಷ್ಟಿ ಹಣ್ಣು. ಹಣ್ಣು ಗೊತ್ತಲ್ಲ, ಬಟಾಣಿ ಗಾತ್ರ, ಮೊದಲು ಕೆಂಪು ಆಮೇಲೆ ಕಪ್ಪಿಗೆ ತಿರುಗ್ತದೆ, ಸಣ್ಣದಿರುವಾಗ ಶಾಲೆಯಿಂದ ಬರುವ ದಾರಿಯಲ್ಲಿ ನಾವು ತಿನ್ನದೆ ಬಿಟ್ಟದ್ದನ್ನ ಮಾತ್ರ ಪಿಕಳಾರ ಹಕ್ಕಿ ತಿಂತಿದ್ದವು. ರುಚಿ ಸಪ್ಪೆ ಸಿಹಿ, ಹಿಂದಿನಿಂದ ಒಗರು. ಒಳಗೆ ಎರಡು ಬೀಜ, ಒಂದು ಮುಖ ಉಬ್ಬು, ಇನ್ನೊಂದು ಮುಖದಲ್ಲಿ ಉಗುರು ಹಾಕಿ ಕೆತ್ತಿದ ಹಾಗೆ ಗುಂಡಿ. ನೋಡಿದ ಕೂಡ್ಲೇ ಕಾಫಿ ಬೀಜ ನೆನಪಾಗ್ತದೆ, ಸುಮ್ಮನೆ ಅಲ್ಲ, ಎರಡೂ ಒಂದೇ ಕುಟುಂಬ. ಆ ಕುಟುಂಬದ ಗುರುತು ನೋಡ್ಬೇಕಿದ್ರೆ ಎದುರುಬದುರು ಕೂತ ಎರಡು ಎಲೆಗಳ ಮಧ್ಯೆ ಕಾಂಡದ ಮೇಲೆ ನೋಡಿ, ಚೂಪಾದ ಸಣ್ಣ ತ್ರಿಕೋನದ ಪೊರೆ ಇರ್ತದೆ. ಕಾಫಿಯಲ್ಲೂ ಉಂಟು, ಕದಂಬದಲ್ಲೂ ಉಂಟು. ಇದು ಗೊತ್ತಾದ ಮೇಲೆ ಬಸ್‌ಸ್ಟಾಪಲ್ಲಿ ನಿಂತ್ರೂ ಕೈ ಸುಮ್ಮನಿರುವುದಿಲ್ಲ, ಯಾರ್ಯಾರದ್ದೋ ಬೇಲಿಯ ಗಿಡ ಹಿಡ್ಕೊಂಡು ಎಲೆಸಂದಿ ನೋಡ್ತಾ ಇರ್ತೇನೆ.

ಕಟಿಂಗನ್ನ ಒದ್ದೆ ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ತಂದು ಮರಳು, ಕೊಕೊಪೀಟ್ ಅರ್ಧರ್ಧ ಹಾಕಿ ನೆಟ್ಟು ಮೇಲೆ ಪ್ಲಾಸ್ಟಿಕ್ ಕವರ್ ಕವುಚಿ ನೆರಳಲ್ಲಿ ಇಟ್ಟೆ. ಬೀಜ 20, ತಿರುಳು ತೊಳೆದು ಒಂದು ಟ್ರೇಗೆ.

ಜುಲೈ

12ರಲ್ಲಿ 7 ಹೋದವು. ನಾಲ್ಕು ಕೊಳೆತದ್ದು, ಅದು ನನ್ನದೇ ತಪ್ಪು, ದಿನಾ ಕವರ್ ತೆಗೆದು ನೋಡಿ ನೋಡಿ ನೀರು ಹಾಕಿದೆ. ಮೂರು ಒಣಗಿದ್ದು ಯಾಕೆ ಅಂತ ಅರ್ಥ ಆಗ್ಲಿಲ್ಲ. ಉಳಿದ ಐದರಲ್ಲಿ ಬೇರು ಬಂತು. ಬೀಜ ಆರು ವಾರ ಎಂಥದೂ ಮಾಡ್ಲಿಲ್ಲ, ಬಿಸಾಡುವ ಅಂತ ಟ್ರೇ ಎತ್ತಿದ ದಿನ ಒಂದು ಬಿಳಿ ಕುತ್ತಿಗೆ ಬಗ್ಗಿಸಿಕೊಂಡು ನಿಂತಿತ್ತು. ಮುಂದಿನ ಎರಡು ವಾರದಲ್ಲಿ ಒಟ್ಟು 11.

ಸೆಪ್ಟೆಂಬರ್, ಅಂದ್ರೆ ನನ್ನ ಗರ್ವಭಂಗದ ತಿಂಗಳು

ಐದೂ ಗಿಡವನ್ನ ದೊಡ್ಡ ಪಾಟಿಗೆ ಹಾಕಿದೆ. ಹೂವಿನ ಗಿಡಕ್ಕೆ ಬೂದಿ ಒಳ್ಳೇದು ಅಂತ ಅಮ್ಮ ಯಾವಾಗಲೂ ಹೇಳ್ತಿದ್ರು, ಹಾಗೆ ಊರಿಂದ ತಂದ ಒಲೆಬೂದಿ ಒಂದೊಂದು ಮುಷ್ಟಿ, ಗೊಬ್ಬರ ಬೇರೆ ಧಾರಾಳ. ಮಳೆ ಕಡಿಮೆ ಆಗಿತ್ತು, ದಿನಾ ಬೋರ್‌ವೆಲ್ ನೀರು. ಮೂರೇ ವಾರದಲ್ಲಿ ಹೊಸ ಎಲೆ ಎಲ್ಲ ಹಳದಿ, ನರ ಮಾತ್ರ ಹಸಿರು, ಎಲೆ ಮೇಲೆ ಯಾರೋ ಪೆನ್ನಲ್ಲಿ ನಕ್ಷೆ ಬರೆದ ಹಾಗೆ. ನಾನು ಗೊಬ್ಬರ ಸಾಕಾಗ್ಲಿಲ್ಲ ಅಂದ್ಕೊಂಡು ಇನ್ನೂ ಸುರಿದೆ, ಇನ್ನೂ ಹಳದಿ ಆಯ್ತು.

ಆಮೇಲೆ ತಲೆಗೆ ಹೋದ ವಿಷಯ ಇದು. ಸಾರಜನಕ ಕಡಿಮೆ ಆದ್ರೆ ಮೊದಲು ಹಳದಿ ಆಗುವುದು ಹಳೆ ಎಲೆ, ಯಾಕಂದ್ರೆ ಗಿಡ ಅದನ್ನ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕಳಿಸ್ತದೆ. ಕಬ್ಬಿಣ ಹಾಗಲ್ಲ, ಒಂದು ಸಲ ಎಲೆಗೆ ಸೇರಿದ್ರೆ ಅಲ್ಲೇ ಉಳೀತದೆ, ಹಾಗಾಗಿ ಕೊರತೆ ಬಿದ್ರೆ ಹಳದಿ ಆಗುವುದು ಹೊಸ ಎಲೆ. ನನ್ನದು ಹೊಸ ಎಲೆ. ಅಂದ್ರೆ ಕಬ್ಬಿಣದ್ದು ಸಮಸ್ಯೆ. ಹಾಗಂತ ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತ ಅಲ್ಲ ಮಾರಾಯ್ರೆ, ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ! ಹುಳಿ, ಕ್ಷಾರ ಎಷ್ಟುಂಟು ಅಂತ ತೋರಿಸುವ ಪಿಎಚ್ ಪೇಪರ್ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ತಂದು ನೋಡಿದ್ರೆ ಬೋರ್ ನೀರು 8ರ ಹತ್ತಿರ, ಪಾಟಿನ ಮಣ್ಣು ಕದಡಿದ ನೀರು ಏಳೂವರೆ ದಾಟಿತ್ತು. ಅಷ್ಟು ಕ್ಷಾರ ಇದ್ರೆ ಕಬ್ಬಿಣ ನೀರಲ್ಲಿ ಕರಗುವುದಿಲ್ಲ, ಕರಗದೆ ಬೇರಿಗೆ ಸಿಗುವುದಿಲ್ಲ. ಅನ್ನದ ಪಾತ್ರೆ ಎದುರಿಗೇ ಉಂಟು, ಮುಚ್ಚಳ ತೆಗೀಲಿಕ್ಕೆ ಆಗುವುದಿಲ್ಲ. ಬೂದಿ ಹಾಕಿ ಆ ಮುಚ್ಚಳವನ್ನ ಇನ್ನೂ ಬಿಗಿ ಮಾಡಿದ್ದು ನಾನೇ. ಕೇಪಳಕ್ಕೆ ಬೇಕಾದದ್ದು 5ರಿಂದ 6ರ ಹುಳಿ ಮಣ್ಣು. ಕರಾವಳಿಯಲ್ಲಿ ಅಷ್ಟು ಮಳೆ ಬಿದ್ದು ಸುಣ್ಣದ ಅಂಶ ಎಲ್ಲ ತೊಳೆದು ಹೋಗಿರುವ ಮುರಕಲ್ಲಿನ ಗುಡ್ಡೆ ಅದಕ್ಕೆ ಸ್ವರ್ಗ ಆಗಿರುವುದು ಇದಕ್ಕೇ. ಊರಲ್ಲಿ ಅಮ್ಮನ ಬೂದಿ ಸರಿಯೇ, ಹುಳಿ ಮಣ್ಣಿಗೆ ಅದು ಬೇಕು, ಇಲ್ಲಿ ಅದೇ ಬೂದಿ ವಿಷ.

ಅಕ್ಟೋಬರ್ ಡಿಸೆಂಬರ್

ಅಂಗಡಿಯವ ಕಬ್ಬಿಣದ ಪುಡಿ ಅಂತ ಒಂದು ಪ್ಯಾಕೆಟ್ ಕೊಟ್ಟ, ಹಾಕಿದೆ, ಏನೂ ಆಗ್ಲಿಲ್ಲ. ಮನೆಗೆ ಬಂದು ಲೇಬಲ್ ನೋಡಿದ್ರೆ ಇಡಿಟಿಎ, ಅಂದ್ರೆ ಕಬ್ಬಿಣ ನೀರಲ್ಲಿ ಕರಗಿಯೇ ಇರುವ ಹಾಗೆ ಹಿಡಿದಿಡುವ ಒಂದು ರಾಸಾಯನಿಕ. ಆ ಥರದ್ದು ಪಿಎಚ್ ಆರೂವರೆ ದಾಟಿದ್ರೆ ಕಬ್ಬಿಣವನ್ನ ಕೈಬಿಡ್ತದೆ, ಎಲೆಗೆ ಸ್ಪ್ರೇ ಮಾಡ್ಲಿಕ್ಕೆ ಅಡ್ಡಿಯಿಲ್ಲ, ನನ್ನಂಥ ಮಣ್ಣಿಗೆ ಹಾಕಿದ್ರೆ ದುಡ್ಡು ದಂಡ. ಇಡಿಡಿಎಚ್‌ಎ ಅಂತ ಇನ್ನೊಂದು ಉಂಟು, ಕಡುಗೆಂಪು ಬಣ್ಣ ಬಿಡ್ತದೆ, ಅದು 9ರವರೆಗೂ ಹಿಡ್ಕೊಂಡು ನಿಲ್ತದೆ. ಅದನ್ನ ಹಾಕಿ, ಮಣ್ಣು ಅರ್ಧ ತೆಗೆದು ಊರಿನ ಮುರಮಣ್ಣು ಎಲೆಗೊಬ್ಬರ ಸೇರಿಸಿ, ಗಂಧಕದ ಪುಡಿ ಒಂದು ಚಮಚ ಮೇಲ್ಮಣ್ಣಿಗೆ. ಗಂಧಕ ಇವತ್ತು ಹಾಕಿ ನಾಳೆ ಹುಳಿ ಆಗುವುದಿಲ್ಲ, ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ಆಮ್ಲ ಮಾಡ್ಬೇಕು, ವಾರಗಟ್ಲೆ ಹಿಡೀತದೆ. ನೀರಿಗೆ ಮಳೆನೀರು ಹಿಡಿದಿಟ್ಟದ್ದು, ಅದು ಮುಗಿದ ಮೇಲೆ ಫಿಲ್ಟರ್ ನೀರು. ಹೆಂಡತಿಯ ಅಭಿಪ್ರಾಯ ಇಲ್ಲಿ ಬರೆಯುವುದಿಲ್ಲ.

ಹಳದಿ ಆದ ಎಲೆ ಪೂರ್ತಿ ಸರಿ ಆಗ್ಲಿಲ್ಲ, ಆದ್ರೆ ಆಮೇಲೆ ಬಂದ ಚಿಗುರು ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಹಸಿರು. ಐದರಲ್ಲಿ ಒಂದು ಮಾತ್ರ ಉಳೀಲಿಲ್ಲ.

ಫೆಬ್ರವರಿ: ಮೊಗ್ಗು

ಒಂದು ಗಿಡದ ತುದಿಯಲ್ಲಿ ಮೊಗ್ಗಿನ ಗೊಂಚಲು. ತುದಿಯಲ್ಲೇ ಬರುವುದು ಇದರ ಕ್ರಮ, ಹಾಗಾಗಿ ಮೊಗ್ಗು ಬರುವ ಸಮಯದಲ್ಲಿ ಶೇಪ್ ಮಾಡ್ಲಿಕ್ಕೆ ತುದಿ ಕತ್ತರಿಸಿದ್ರೆ ಆ ಸಲದ ಹೂವು ಗೋವಿಂದ. ಎಣಿಸಿದೆ, ಗೊಂಚಲಲ್ಲಿ 43 ಮೊಗ್ಗು. ಒಂದೊಂದೂ ಸೂಜಿ ಥರ ಉದ್ದ ನಾಳ, ಥಾಯ್ಲೆಂಡಿನವರು ಇದನ್ನ ಸೂಜಿಹೂವು ಅಂತಲೇ ಕರೀತಾರಂತೆ, ಅಲ್ಲಿ ಗುರುಪೂಜೆ ದಿನ ಮಕ್ಕಳು ಬುದ್ಧಿ ಸೂಜಿಯ ಹಾಗೆ ಚೂಪಾಗ್ಲಿ ಅಂತ ಮೇಷ್ಟ್ರಿಗೆ ಕೊಡ್ತಾರೆ.

ಈಗ ನನಗೆ ಇಡೀ ಪ್ರಾಜೆಕ್ಟಲ್ಲಿ ಅತೀ ಖುಷಿ ಕೊಟ್ಟದ್ದು. ನಾಳೆ ಅರಳುವಂಥ ಮೊಗ್ಗು ಒಂದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ 10 ಪಟ್ಟಿನ ಲೆನ್ಸಲ್ಲಿ ನೋಡಿದೆ. ಅರಳುವ ಮೊದಲೇ ಪರಾಗಕೋಶ ಒಡೆದು ಹೋಗಿತ್ತು, ಪರಾಗ ಎಲ್ಲ ಮಧ್ಯದ ಶಲಾಕೆಯ ತುದಿಗೆ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಅಂದ್ರೆ ಹೆಣ್ಣು ಭಾಗವೇ ಗಂಡು ಪರಾಗವನ್ನ ಹೊತ್ಕೊಂಡು ಹೊರಗೆ ಬರ್ತದೆ! ಹೂವು ಅರಳಿದಾಗ ನಾಲ್ಕು ಪರಾಗಕೋಶ ಎಸಳಿನ ಮಧ್ಯೆ ಹಿಂದಕ್ಕೆ ಬಾಗಿ ಒಣಗಿ ನೇತಾಡ್ತವೆ, ಅವುಗಳ ಕೆಲಸ ಮುಗಿದಿರ್ತದೆ, ಮಧ್ಯದಲ್ಲಿ ಕಡ್ಡಿ ಥರ ನಿಂತ ಶಲಾಕೆ ಚಿಟ್ಟೆ ಮುಖಕ್ಕೆ ಪರಾಗ ಬಳೀತದೆ. ಆಗ ಅದರ ತುದಿ ಮುಚ್ಚಿಯೇ ಇರ್ತದೆ, ಹಾಗಾಗಿ ಸ್ವಂತ ಪರಾಗ ಒಳಗೆ ಸೇರುವುದಿಲ್ಲ. ನಂತರ ಆ ತುದಿ ಎರಡಾಗಿ ಸೀಳಿ ಹಾವಿನ ನಾಲಗೆ ಥರ ಹಿಂದಕ್ಕೆ ಸುರುಳಿ ಆಗ್ತದೆ, ಈಗ ಅದು ಹೆಣ್ಣು, ಬೇರೆ ಹೂವಿನ ಪರಾಗಕ್ಕೆ ಕಾಯ್ತದೆ. ಇದೇ ಶಲಾಕೆಯನ್ನ ಅಲ್ವಾ ನಾವು ಸಣ್ಣದಿರುವಾಗ ಬುಡದಿಂದ ನಾಜೂಕಾಗಿ ಎಳೆದು ತುದಿಯ ಜೇನು ಚೀಪ್ತಿದ್ದದ್ದು. ಒಂದು ಹೂವಿನ ನಾಳವನ್ನ ಇನ್ನೊಂದರ ಬಾಯಿಗೆ ತೂರಿಸಿ ದಾರ ಇಲ್ಲದೆ ಬಳೆ ಮಾಡುವುದಂತೂ ಈಗಲೂ ಕೈಗೆ ನೆನಪುಂಟು, ಮಗಳಿಗೆ ಮಾಡಿ ಕೊಟ್ಟೆ, ಎರಡು ನಿಮಿಷ ಹಾಕ್ಕೊಂಡಳು.

ನಾಳ ಅಷ್ಟುದ್ದ ಇರುವುದ್ರಿಂದ ಗಿಡ್ಡ ನಾಲಗೆಯ ಜೇನ್ನೊಣಕ್ಕೆ ಮಕರಂದ ಎಟುಕುವುದು ಕಷ್ಟ, ಚಿಟ್ಟೆಗೆ ಸುಲಭ. ಮೂರನೇ ಮಹಡಿಗೆ ಚಿಟ್ಟೆ ಬರ್ತದಾ ಅಂತ ಡೌಟ್ ಇತ್ತು. ಬಂತು, ಕಾಮನ್ ಮಾರ್ಮನ್, ಕಪ್ಪು ರೆಕ್ಕೆಗೆ ಬಿಳಿ ಚುಕ್ಕೆ ಸಾಲಿನದ್ದು, ಹೂವಿನ ಮೇಲೆ ಕೂತೂ ಕೂರದ ಹಾಗೆ ರೆಕ್ಕೆ ಪಟಪಟ ಅನ್ನಿಸ್ತಾ ಒಂದೇ ಗೊಂಚಲಲ್ಲಿ ಹತ್ತಿಪ್ಪತ್ತು ಹೂವು ಕುಡಿದು ಹೋಯ್ತು. ಫೋಟೋ ಎಲ್ಲ ಮಸುಕು.

ಮಾರ್ಚ್: ತಂಬುಳಿ

ನಾಲ್ಕು ಗಿಡದಲ್ಲಿ ಮೂರು ಹೂ ಬಿಟ್ಟವು, ಒಂದು ಮುಷ್ಟಿ ಕೊಯ್ಯುವಷ್ಟು ಆಯ್ತು. ಅಜ್ಜಿ ಮಾಡುವ ಕ್ರಮ: ಹಸಿರು ತೊಟ್ಟು ತೆಗೆದು ಹೂವನ್ನ ಒಂದು ಚಮಚ ತುಪ್ಪದಲ್ಲಿ ಬಾಡಿಸುವುದು, ಜೊತೆಗೆ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ತಣಿದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆ ಉಪ್ಪು ಸೇರಿಸುವುದು, ಕುದಿಸ್ಲಿಕ್ಕಿಲ್ಲ. ಬಾಯಿಹುಣ್ಣು, ಹೊಟ್ಟೆ ಕೆಟ್ಟದ್ದು, ಉಷ್ಣ ಆಗಿದೆ ಅಂದ್ರೆ ಅಜ್ಜಿಮನೆಯಲ್ಲಿ ಮೊದಲು ಇದೇ. ಭೇದಿ, ಆಮಶಂಕೆಗೆ ಹೂವು ಮತ್ತೆ ಬೇರು ಬಳಸುವುದು ನಾಟಿ ವೈದ್ಯದಲ್ಲಿ ಹಳೇ ಪದ್ಧತಿ, ಕೇರಳದಲ್ಲಿ ಹೂವನ್ನ ತೆಂಗಿನೆಣ್ಣೆಯಲ್ಲಿ ಕಾಸಿ ಮಕ್ಕಳ ಚರ್ಮಕ್ಕೆ ಹಚ್ತಾರೆ. ಹೂವಲ್ಲಿ ಟ್ಯಾನಿನ್ ಉಂಟು, ನಾಲಗೆಗೆ ಒಗರು ಬರುವುದು ಅದ್ರಿಂದ, ಒಗರು ಅಂದ್ರೆ ಹೊಟ್ಟೆ ಕಟ್ಟುವ ಗುಣ ಅಂತ ಹಿರಿಯರ ಲೆಕ್ಕ. ನಾನು ಊಟಕ್ಕೆ ಅಂತಲೇ ಮಾಡಿದ್ದು, ನಿಜವಾಗಿ ಹುಷಾರಿಲ್ಲದಿದ್ರೆ ಡಾಕ್ಟರ ಹತ್ರ ಹೋಗಿ. ಇನ್ನೊಂದು, ಮದ್ದು ಹೊಡೆದ ನರ್ಸರಿ ಗಿಡದ ಹೂವನ್ನ ದಯವಿಟ್ಟು ರುಬ್ಬಬೇಡಿ.

ರುಚಿ? ಅಜ್ಜಿಯದ್ದರ ಮುಕ್ಕಾಲು. ಮಜ್ಜಿಗೆ ಪ್ಯಾಕೆಟಿನದ್ದು.

ಉಳಿದ ಹತ್ತಿಪ್ಪತ್ತು ಹೂವನ್ನ ಫಿಲ್ಟರ್ ನೀರಲ್ಲಿ ಕುದಿಸಿ ಮಗಳ ಜೊತೆ ಆಟ ಆಡಿದೆ. ನಸುಗೆಂಪು ನೀರು ಬಂತು. ಒಂದು ಲೋಟಕ್ಕೆ ನಿಂಬೆರಸ, ಗಾಢ ಗುಲಾಬಿ ಆಯ್ತು. ಇನ್ನೊಂದಕ್ಕೆ ಅಡುಗೆ ಸೋಡಾ, ಹಸಿರಿಗೆ ತಿರುಗಿತು. ಹೂವಿನ ಕೆಂಪು ಆಂಥೋಸಯನಿನ್, ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಾಯಿಸ್ತದೆ. ಮೂರನೇ ಲೋಟಕ್ಕೆ ಮಗಳು ಸುಮ್ಮನೆ ನಲ್ಲಿಯ ಬೋರ್ ನೀರು ಸುರಿದಳು, ನೀರು ಬೂದು ಬೂದು ನೇರಳೆ ಆಯ್ತು, ನೋಡ್ಲಿಕ್ಕೇ ಕಾಯಿಲೆ ಬಂದ ಹಾಗೆ. ಪಿಎಚ್ ಪೇಪರ್, ಲೇಬಲ್ ಓದುವುದು, ಮೂರು ತಿಂಗಳ ಒದ್ದಾಟ ಎಲ್ಲ ಮಾಡಿ ನಾನು ಕಂಡುಹಿಡಿದದ್ದನ್ನ ಹೂವು ಒಂದು ಸೆಕೆಂಡಲ್ಲಿ ಹೇಳಿತು.

ಈಗ

ಬೀಜದ 11 ಸಸಿಯಲ್ಲಿ 8 ಉಳಿದಿವೆ, ನಾಲ್ಕು ಇಂಚು, ಅತೀ ನಿಧಾನ, ಇವು ಹೂ ಬಿಡುವುದು ಇನ್ನೂ ದೂರ. ಇವನ್ನ ಮೊದಲಿಂದಲೇ ಮುರಮಣ್ಣಲ್ಲಿ ಬೆಳೆಸಿದ್ದು, ಒಂದೂ ಹಳದಿ ಆಗ್ಲಿಲ್ಲ. ಮಾರ್ಮನ್ ಬಂದುಹೋದ ಗೊಂಚಲಲ್ಲಿ ಆರು ಕಾಯಿ ಕಚ್ಚಿದೆ, ಹಸಿರು, ಇನ್ನೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಮುಂದಿನ ತಿಂಗಳು ಊರಲ್ಲಿ ಕೋಲ ಉಂಟು, ದೈವಕ್ಕೆ ಕೇಪುಳದ ಮಾಲೆ ಕಟ್ಲಿಕ್ಕೆ ಹೇಗೂ ಗುಡ್ಡೆ ಹತ್ತಬೇಕು, ಆಗ ಇನ್ನೊಂದು 12 ಕಟಿಂಗ್ ತರುವುದು, ಈ ಸಲ ಕವರ್ ತೆಗೆದು ನೋಡುವ ಹಾಗಿಲ್ಲ ಅಂತ ಮಗಳಿಗೆ ಕಾವಲು ಕೆಲಸ ಕೊಟ್ಟಿದ್ದೇನೆ. ಮಳೆನೀರಿಗೆ 200 ಲೀಟರಿನ ಡ್ರಮ್ ಬಂದು ಟೆರೇಸಲ್ಲಿ ಕೂತಾಗಿದೆ, ಮಳೆಯದ್ದೇ ಸುದ್ದಿ ಇಲ್ಲ.